ದುಡ್ಡಿದ್ದ ವಾರದ ಮಾತ್ರೆ

“ದುಡ್ಡಿದ್ ವಾರ ನುಂಗ್ತೀನಿ ಸಾ, ಇಲ್ದಿದ್ ವಾರ ಬಿಡ್ತೀನಿ.” ಪಾವಗಡದ ಕಡೆಯ ಹಿರಿಯ ರೈತರೊಬ್ಬರು ಈ ಮಂಗಳವಾರ ತುಮಕೂರಿನ ಆಸ್ಪತ್ರೆಯೊಂದರಲ್ಲಿ ಹೇಳಿದ ಮಾತಿದು. ಪರಿಚಯದವರೆಂದು ಜೊತೆಗೆ ಹೋಗಿದ್ದ ನನ್ನ ಮನಸ್ಸಿನಿಂದ ಅದು ಇನ್ನೂ ಇಳಿದಿಲ್ಲ.

ಬರಿಗಾಲಿನಲ್ಲಿ ಕುರಿ ಮೇಯಿಸುವಾಗ ಎಂದೋ ಜಾಲಿಮುಳ್ಳು ಚುಚ್ಚಿದ ಜಾಗದಲ್ಲಿ ಶಿಲೀಂಧ್ರ ಬೆಳೆದು ಪಾದವೆಲ್ಲ ಊದಿಕೊಂಡಿದೆ. ಪಟ್ಟಿ ಬಿಚ್ಚಿದಾಗ ಸಣ್ಣ ತೂತುಗಳಿಂದ ಕೀವಿನೊಡನೆ ಸಾಸಿವೆಯಂಥ ಕರಿಯ ಕಾಳುಗಳು ಹೊರಬಂದವು. ಇದು ಮೈಸಿಟೋಮಾ. 19ನೇ ಶತಮಾನದಲ್ಲಿ ನಮ್ಮ ನೆರೆಯ ತಮಿಳುನಾಡಿನ ಮದುರೈಯಲ್ಲೇ ಗುರುತಿಸಲಾದ ಈ ರೋಗವು ವಿಶ್ವ ಆರೋಗ್ಯ ಸಂಸ್ಥೆಯ ನಿರ್ಲಕ್ಷಿತ ರೋಗಗಳ ಪಟ್ಟಿಗೆ ಸೇರಿದ್ದು 2016ರಲ್ಲಿ.

ವೈದ್ಯರು ಗದರಲಿಲ್ಲ. “ಮಧ್ಯೆ ಬಿಟ್ರೆ ಕಾಲು ಉಳಿಯೋದು ಕಷ್ಟ ಯಜಮಾನ್ರೇ” ಎಂದಷ್ಟೇ ಹೇಳಿದರು. ಮಗ ಮಾತ್ರ “ಇವ್ರಿಗೆ ಹೇಳಿ ಪ್ರಯೋಜ್ನ ಇಲ್ಲ” ಎಂದು ಸಿಡುಕಿದ. ಅವನ ಮೇಲೆ ನನಗೆ ನಿಜವಾಗಿಯೂ ಸಿಟ್ಟು ಬಂತು. ಈ ಶಿಲೀಂಧ್ರಕ್ಕೆ ಕೊಡುವ ಇಟ್ರಾಕೊನಜೋಲ್ ಮಾತ್ರೆಯನ್ನು ದಿನಕ್ಕೆರಡು ಸಲ, ಊಟದೊಂದಿಗೆ, ತಿಂಗಳುಗಟ್ಟಲೆ ಕೈಯಿಂದ ಹಣ ಕೊಟ್ಟು ತರಬೇಕಾದವರು ದುಡ್ಡಿಲ್ಲದ ವಾರ ಇನ್ನೇನು ಮಾಡಬೇಕು?

ಈ ತೊಡಕನ್ನು ಬಲ್ಲವರು ಬೇರೆಡೆ ಕೆಲಸ ಮಾಡಿದ್ದಾರೆ. ನಿರ್ಲಕ್ಷಿತ ರೋಗಗಳಿಗೆ ಔಷಧ ಹುಡುಕಲು 2003ರಲ್ಲಿ ಹುಟ್ಟಿದ ಲಾಭರಹಿತ ಸಂಸ್ಥೆ ಡಿಎನ್‌ಡಿಐ, ಜಪಾನಿನ ಐಸಾಯ್ ಔಷಧ ಕಂಪನಿ ಮತ್ತು ಸುಡಾನಿನ ಖಾರ್ಟೂಮಿನಲ್ಲಿದ್ದ ಮೈಸಿಟೋಮಾ ಸಂಶೋಧನಾ ಕೇಂದ್ರ ಕೈಜೋಡಿಸಿ, 2017ರಲ್ಲಿ ಆರಂಭಿಸಿದ ಪ್ರಯೋಗದಲ್ಲಿ 104 ರೋಗಿಗಳಲ್ಲಿ ಫಾಸ್‌ರವುಕೊನಜೋಲ್ ಎಂಬ ಔಷಧವನ್ನು ಇಟ್ರಾಕೊನಜೋಲ್‌ಗೆ ಹೋಲಿಸಿ ಪರೀಕ್ಷಿಸಿದವು. ಊಟವಾಗಿರಲಿ, ಆಗದಿರಲಿ, ವಾರಕ್ಕೊಮ್ಮೆ ನುಂಗಿದರೆ ಸಾಕು. ಗುಣವೂ ಹಳೆಯ ಮಾತ್ರೆಗೆ ಹೆಚ್ಚುಕಡಿಮೆ ಸಮ. ಜಪಾನಿನಲ್ಲಿ ಇದೇ ಔಷಧ ಉಗುರಿನ ಶಿಲೀಂಧ್ರಕ್ಕೆ 2018ರಿಂದ ಬಳಕೆಯಲ್ಲಿದೆ. ಉಗುರು ಕೆಟ್ಟವರಿಗೆ ದೊರೆತದ್ದು ಕಾಲನ್ನೇ ಕಳೆದುಕೊಳ್ಳಲಿರುವವರಿಗೆ ದೊರೆಯದಿರುವುದನ್ನು ನನ್ನ ಮನಸ್ಸು ಒಪ್ಪುತ್ತಿಲ್ಲ. ಕೊಳ್ಳುವ ಶಕ್ತಿಯಿಲ್ಲದವರ ರೋಗಕ್ಕೆ ಕಂಪನಿಗಳು ತಾವಾಗಿ ಹಣ ಹೂಡುವುದಿಲ್ಲ. ಆದ್ದರಿಂದ ಸರ್ಕಾರ, ದಾನಿಗಳು ಮತ್ತು ಕಂಪನಿಗಳ ಇಂಥ ಸಹಭಾಗಿತ್ವವನ್ನು ನಾನು ಮನಸಾರೆ ಬೆಂಬಲಿಸುತ್ತೇನೆ. ಆದರೆ ಆ ಹೊಣೆ ಪ್ರಯೋಗದ ಫಲಿತಾಂಶಕ್ಕೇ ಮುಗಿಯಬಾರದು. ಯಾವ ದೇಶದಲ್ಲಿ ನೋಂದಣಿ, ಯಾವ ಬೆಲೆ, ತಾಲ್ಲೂಕು ಆಸ್ಪತ್ರೆಗೆ ಪೂರೈಸುವವರು ಯಾರು ಎಂಬುದೂ ಮೊದಲ ಒಪ್ಪಂದದಲ್ಲೇ ಬರೆದಿರಬೇಕು.

ಡಿಎನ್‌ಡಿಐಯನ್ನು ಕಟ್ಟಿದವರಲ್ಲಿ ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕೂಡ ಇದೆ. ಅದು ಈ ಮಾತನ್ನು ಅಲ್ಲಿ ಎತ್ತಲಿ. ಅಷ್ಟರೊಳಗೆ, ಮುಳ್ಳು ಚುಚ್ಚಿ ಊದಿದ ಪಾದಗಳನ್ನು ಆಶಾ ಕಾರ್ಯಕರ್ತೆಯರ ಮನೆಭೇಟಿಯಲ್ಲೇ ಗುರುತಿಸಿ, ಪಾವಗಡ, ಶಿರಾ, ಮಧುಗಿರಿಗಳಲ್ಲಿ ಇಂಥವರು ಎಷ್ಟು ಮಂದಿ ಇದ್ದಾರೆಂಬ ಲೆಕ್ಕವನ್ನು ಆರೋಗ್ಯ ಇಲಾಖೆ ಬರೆಸಲಿ.