ರಾಗಿ ಕಲ್ಲು ಕ್ಲಾಸಿಗೆ ಬಂದ ದಿನ

ಯುಕೆಜಿ ಮಕ್ಕಳ ಮುಂದೆ ಹೊರಗಿನವರು ಬಂದು ನಿಂತರೆ ಮೊದಲ ಐದು ನಿಮಿಷ ಎಲ್ಲರೂ ಕಣ್ಣರಳಿಸಿ ನೋಡುತ್ತಾರೆ. ಆಮೇಲೆ ಒಬ್ಬನಿಗೆ ನೀರು ಬೇಕು, ಇನ್ನೊಬ್ಬಳಿಗೆ ಒಂದಕ್ಕೆ ಹೋಗಬೇಕು. ಹೋದ ವರ್ಷ ಹಲ್ಲಿನ ಡಾಕ್ಟರ್ ಒಬ್ಬರು ಬಂದು ತುಂಬಾ ಪ್ರೀತಿಯಿಂದ ಮಾತಾಡಿದರು. ಮಕ್ಕಳ ಗಮನ ಎಲ್ಲೆಲ್ಲೋ. ಕೊನೆಗೆ ಬ್ಯಾಗಿನಿಂದ ದೊಡ್ಡ ಪ್ಲಾಸ್ಟಿಕ್ ಹಲ್ಲು ತೆಗೆದು "ಯಾರು ಉಜ್ಜುತ್ತೀರಾ?" ಎಂದರು ನೋಡಿ, ಇಡೀ ಕ್ಲಾಸು ಅವರ ಮೇಲೆ ಮುಗಿಬಿತ್ತು. ಅಂದಿನಿಂದ ಬರುವವರಿಗೆಲ್ಲ ನಾನು ಹೇಳುವುದು ಇಷ್ಟೇ: ಮಾತು ಕಮ್ಮಿ ಇರಲಿ, ನಿಮ್ಮ ಕೆಲಸ ತೋರಿಸಿ, ಮಕ್ಕಳ ಕೈಗೂ ಕೊಡಿ.

ಈ ಸಲ ರಾಗಿ ಎಂದುಕೊಂಡೆವು. ನಮ್ಮ ಮಂಡ್ಯದ ಕಡೆ ರಾತ್ರಿ ಮುದ್ದೆ ಇಲ್ಲದ ಮನೆ ಕಮ್ಮಿ. ಇಂಡಾಫ್ ರಾಗಿ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕಾದ ರಾಗಿ ಸೇರಿಸಿ ತಳಿ ಮಾಡಿದ್ದು ಇಲ್ಲೇ, ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ. ಆದರೂ "ಹಿಟ್ಟು ಎಲ್ಲಿಂದ ಬರುತ್ತೆ?" ಎಂದು ಕೇಳಿದರೆ "ಪ್ಯಾಕೆಟ್ಟಿಂದ ಮಿಸ್" ಎನ್ನುತ್ತಾರೆ ಮಕ್ಕಳು. ಗೋಡೆಯ ಚಾರ್ಟಿನಲ್ಲಿ ಸೇಬು ಇದೆ, ರಾಗಿ ತೆನೆ ಇಲ್ಲ. ಅವರ ತಪ್ಪಲ್ಲ, ಅಲ್ವಾ?

ಮೊದಲೇ ಒಂದು ತೆನೆ ತಂದು ಕೈಯಿಂದ ಕೈಗೆ ದಾಟಿಸಿದೆ. ಬೆರಳು ಮಡಚಿದ ಹಾಗಿದೆ ಎಂದಳು ಒಬ್ಬಳು. ಹುಡುಗನೊಬ್ಬನ ಅಜ್ಜಿ ರಾಗಿ ಕಲ್ಲು ಇನ್ನೂ ಇಟ್ಟುಕೊಂಡಿದ್ದಾರೆ ಎಂದು ಗೊತ್ತಾಗಿ, ಬರಲು ಕೇಳಿದೆ. "ನಂಗೇನ್ ಬತ್ತದವ್ವ ಪಾಠ ಮಾಡಕ್ಕೆ?" ಎಂದರು. "ಪಾಠ ಬೇಡ ಅಜ್ಜಿ, ರಾಗಿ ಬೀಸಿ, ಸಾಕು" ಎಂದೆ.

ಕಲ್ಲು ಆಟೋದಲ್ಲಿ ಬಂತು. ಇಳಿಸಲು ಇಬ್ಬರು ಗಂಡಸರು ಬೇಕಾಯಿತು. ಮಕ್ಕಳು ಓಡಿಬಂದು, ಮೊದಲು ಎತ್ತಿ ನೋಡಲು ಹೋದರು! ಅಜ್ಜಿ ಗೋಣಿಚೀಲ ಹಾಸಿ ಕೂತು, ಕಲ್ಲಿನ ಬಾಯಿಗೆ ಒಂದು ಹಿಡಿ ರಾಗಿ ಹಾಕಿ, ಗೂಟ ಹಿಡಿದು ತಿರುಗಿಸಿದರು. ಗರಗರ ಸದ್ದು. ಸ್ವಲ್ಪ ಹೊತ್ತು ಏನೂ ಕಾಣಲಿಲ್ಲ. ಆಮೇಲೆ ಎರಡು ಕಲ್ಲುಗಳ ನಡುವಿನಿಂದ ಸುತ್ತಲೂ ಹಿಟ್ಟು ಉದುರತೊಡಗಿತು. "ಬಂತು! ಬಂತು!" ಎಂಬ ಕೂಗಿಗೆ ಪಕ್ಕದ ಒಂದನೇ ತರಗತಿಯ ಮಕ್ಕಳೂ ಕಿಟಕಿಗೆ ಬಂದರು.

ಎಲ್ಲರನ್ನೂ ಒಟ್ಟಿಗೆ ಬಿಟ್ಟರೆ ನೂಕಾಟವೇ. ಅದಕ್ಕೆ ನಾಲ್ಕು ಮೂಲೆಯಲ್ಲಿ ನಾಲ್ಕು ಕೆಲಸ. ಒಂದು ಕಡೆ ಕಲ್ಲು. ಇನ್ನೊಂದು ಕಡೆ ಜರಡಿ ಹಿಡಿಯುವುದು. ಮೂರನೇ ಗುಂಪು ಬಾಟಲಿಗೆ ರಾಗಿ ತುಂಬಿ ಗಿಲಕಿ ಮಾಡುತ್ತಿತ್ತು. ನಾಲ್ಕನೆಯದು ಅಂಟು ಹಚ್ಚಿ ಕಾಳಿನಲ್ಲಿ ಚಿತ್ರ. ಹತ್ತು ನಿಮಿಷಕ್ಕೊಮ್ಮೆ ಗಿಲಕಿ ಅಲ್ಲಾಡಿಸಿದರೆ ಜಾಗ ಬದಲು. ಈ ವಯಸ್ಸಿಗೆ ಅದಕ್ಕಿಂತ ಜಾಸ್ತಿ ಹೊತ್ತು ಒಂದೇ ಕಡೆ ಕೂರಿಸಬಾರದು. ಇಂಥದ್ದು ಮಾಡುವ ಟೀಚರ್‌ಗಳಿಗೆ ಒಂದು ಮಾತು: ಸಣ್ಣ ಕಾಳು ಇದ್ದಲ್ಲಿ ಒಬ್ಬ ದೊಡ್ಡವರು ಇರಲೇಬೇಕು. ಮೂಗು, ಕಿವಿಗೆ ಹಾಕಿಕೊಳ್ಳಲು ಒಂದು ಕ್ಷಣ ಸಾಕು. ಕಲ್ಲಿನ ಹತ್ತಿರವೂ ಅಷ್ಟೇ, ಕೈ ಗೂಟದ ಮೇಲೆ ಮಾತ್ರ.

ಕಲ್ಲಿನ ಬಳಿ ಎದುರು ಬದುರು ಕೂತ ಇಬ್ಬರು ಅವಸರದಲ್ಲಿ ಹಿಡಿ ಹಿಡಿ ರಾಗಿ ಸುರಿದರು. ಬಂದದ್ದು ಹಿಟ್ಟಲ್ಲ, ನುಚ್ಚು. "ನಿಧಾನಕ್ಕೆ ಹಾಕು ಮಗ, ಕಲ್ಲು ಅಗೀಬೇಕಲ್ವಾ?" ಎಂದರು ಅಜ್ಜಿ. ಆಮೇಲೆ ಹುಡುಗರು ಕಾಳನ್ನು ಚಿಟಿಕೆಯಲ್ಲಿ ಹಾಕಿದರು! ಇಬ್ಬರ ಬೆರಳ ನಡುವೆ ನುಚ್ಚು ಇಟ್ಟು, ಹಿಟ್ಟು ಇಟ್ಟು, ಉಜ್ಜಿ ನೋಡಿಸಿದೆ. ಒರಟು, ನುಣುಪು ಎಂದು ಬೋರ್ಡಿನಲ್ಲಿ ಬರೆದು ಹೇಳಿಕೊಡುವ ಪಾಠ ಅಲ್ಲೇ ಮುಗಿಯಿತು. ಅಜ್ಜಿ ಬೀಸುವ ಪದವನ್ನೂ ಶುರು ಮಾಡಿದರು. ಕಲ್ಲಿನ ತಿರುಗಾಟಕ್ಕೆ ಸರಿಯಾಗಿ ಮಕ್ಕಳ ಮೈ ತೂಗುತ್ತಿತ್ತು.

"ಅಜ್ಜಿ, ಕಲ್ಲು ಸವೆಯಲ್ವಾ?" ಎಂದು ಕೇಳಿದವಳು ಐದು ವರ್ಷದ ಹುಡುಗಿ. ಸವೆಯುತ್ತೆ, ಆಗ ಉಳಿಯಲ್ಲಿ ಹೊಡೆದು ಮತ್ತೆ ಒರಟು ಮಾಡುವವರು ಊರೂರಿಗೆ ಬರುತ್ತಿದ್ದರು ಎಂದರು ಅಜ್ಜಿ. ನನಗೆ ಆ ಪ್ರಶ್ನೆ ಬಹಳ ಇಷ್ಟವಾಯಿತು. ಕೈ ಕೆಲಸದಲ್ಲಿ ಇದ್ದಾಗಲೇ ಇಂಥ ಪ್ರಶ್ನೆ ಹುಟ್ಟುವುದು.

ಮಧ್ಯಾಹ್ನ ಆ ಹಿಟ್ಟಿಗೆ ಬೆಲ್ಲ ಹಾಕಿ ಗಂಜಿ ಮಾಡಿಸಿದೆವು. ತಾವೇ ಬೀಸಿದ್ದು ಎಂದು ಲೋಟ ನೆಕ್ಕಿ ಕುಡಿದರು.

ಸಂಜೆ ಒಬ್ಬ ಅಪ್ಪ ಬಂದು, "ಇದೆಲ್ಲ ಸರಿ ಮಿಸ್, ಬರೆಸೋದು ಯಾವಾಗ?" ಎಂದರು. ಅವರ ಕಳಕಳಿ ನನಗೆ ಅರ್ಥವಾಗುತ್ತದೆ. 2020ರ ಶಿಕ್ಷಣ ನೀತಿಯೇ ಈ ವಯಸ್ಸಿಗೆ ಆಟದ ಮೂಲಕ ಕಲಿಕೆ ಎನ್ನುತ್ತದೆ ಎಂದು ಹೇಳಿದರೆ ಅವರಿಗೆ ಸಮಾಧಾನ ಆಗುತ್ತದೆಯೇ? ಅದಕ್ಕೇ ಮುಂದಿನ ತಿಂಗಳ ಅತಿಥಿ ಯಾರೆಂದು ತಿಳಿಸಿದೆ. ನಮ್ಮ ಅಂಚೆಯಣ್ಣ. ಚೀಲ ಮತ್ತು ಸೀಲು ತರುತ್ತಾರೆ. ಮಕ್ಕಳು ಐವತ್ತು ಪೈಸೆಯ ಕಾರ್ಡಿನಲ್ಲಿ ಚಿತ್ರ ಬಿಡಿಸಿ ತಮ್ಮ ತಮ್ಮ ಮನೆಗೆ ಕಳಿಸುತ್ತಾರೆ. ವಿಳಾಸ ನಾನು ಬರೆಯುತ್ತೇನೆ, ಪಿನ್ ಕೋಡ್ ಮಾತ್ರ ಅವರೇ ಬರೆಯಬೇಕು. ಆ ಅಪ್ಪನ ಮಗ ಈಗ ಸ್ಲೇಟಿನ ತುಂಬಾ 571401 ಬರೆಯುತ್ತಿದ್ದಾನೆ. 4 ಇನ್ನೂ ಉಲ್ಟಾ ಬರುತ್ತಿದೆ. ಅಂಚೆಯಣ್ಣ ಬರುವುದಕ್ಕೆ ಇನ್ನೂ ಟೈಮ್ ಇದೆ.