ನಮ್ಮ ಓಣಿ ನಡುವಿನ ಗೆರಿ, ಲಂಡನ್ನಿನ್ಯಾಗ ಅಳಿಯ ಬರೆದ ಚಿಠ್ಠಿ

ನಮ್ಮ ಓಣಿ ಹನ್ನೆರಡು ಫೂಟ್ ಅಗಲ ಇರಬಹುದು, ಒಂದು ಆಟೋ ಒಳಗ ಬಂತಂದ್ರ ಎದುರಿನ ಬೈಕ್‌ನವ್ರು ಯಾರದರೆ ಕಟ್ಟಿ ಹತ್ತಿಸಬೇಕು, ಅಂಥಾದ್ದು. ಇದರ ನಡು ಒಂದು ಗೆರಿ ಅದ, ಕಣ್ಣಿಗಿ ಕಾಣಲ್ಲ. ನಮ್ಮ ಸಾಲು ಒಂದು ವಾರ್ಡು, ಎದುರಿನ ಸಾಲು ಇನ್ನೊಂದು. ನಾಲಿ ತುಂಬಿದಾಗಷ್ಟೇ ಈ ಗೆರಿ ನೆನಪಾಗ್ತದ, ಯಾಕಂದ್ರ ನಾಲಿ ಇರೋದು ಅವ್ರ ಕಡಿ, ನೀರು ಬರೋದು ನಮ್ಮ ಬಾಗಿಲಿಗಿ.

ಹೋದ ತಿಂಗಳು ಅಕ್ಕನ ಮಗ ಲಂಡನ್ನಿಂದ ಬಂದಿದ್ದ. ಅವ ಇರೋದು ಲ್ಯಾಂಬೆತ್ ಅಂಬೋ ಬರೋದಾಗ, ಬರೋ ಅಂದ್ರ ಲಂಡನ್ನಿನೊಳಗಿನ ಒಂದು ಪಾಲಿಕಿ ಇದ್ದಂಗ, ಅಂಥವು ಅಲ್ಲಿ 32 ಅವ. ನಮ್ಮ ಕಲಬುರಗಿ ಮಂದಿಗಿ ಲ್ಯಾಂಬೆತ್ ಹೆಸರು ಹೊಸಾದಲ್ಲ, ನಮ್ಮ ಕಡಿ ಮೂಲದ ಡಾ. ನೀರಜ್ ಪಾಟೀಲ್ ಅವ್ರು ಅಲ್ಲಿ ಮೇಯರ್ ಆಗಿದ್ರು, ಥೇಮ್ಸ್ ನದಿ ದಂಡಿಗಿ ಬಸವಣ್ಣನ ಮೂರ್ತಿ ಇರೋದು ಭೀ ಅಲ್ಲೇ, 2015ರಾಗ ಪ್ರಧಾನಿ ಮೋದಿ ಹೋಗಿ ಅನಾವರಣ ಮಾಡಿದ್ದು. ಅಳಿಯ ಬಂದ ಎರಡನೇ ದಿನಾನೇ ಮಳಿ ಬಂದು ನಾಲಿ ಉಕ್ಕಿತು, ಅವನ ಹೊಸಾ ಬೂಟು ಹಾಳಾತು, ಆ ಬೂಟಿನಿಂದ ಶುರುವಾದ ಮಾತು ಸುಸಲಾ ಮಿರ್ಚಿ ಪ್ಲೇಟ್ ಖಾಲಿ ಆದ್ರೂ ಮುಗೀಲಿಲ್ಲ.

ಅವ ಹೇಳಿದ್ದು ಏನಂದ್ರ, ಅವ್ರಲ್ಲಿ ಭೀ ಗೆರಿ ಹೊಸದಾಗಿ ಎಳೆದಾರ. ಮೊದಲು 21 ವಾರ್ಡು, ಒಂದೊಂದಕ್ಕ ಮೂರ್ಮೂರು ಮಂದಿ ಕೌನ್ಸಿಲರ್, ಒಟ್ಟು 63. ಮೇ 2022ರ ಎಲೆಕ್ಷನ್‌ನಿಂದ 25 ವಾರ್ಡು, ಮಂದಿ ಮಾತ್ರ ಅದೇ 63, ಕೆಲವು ವಾರ್ಡಿಗಿ ಮೂರು ಕೆಲವಕ್ಕ ಎರಡು. ನನಗ ಇದೇ ಮೊದಲು ತಲಿಗಿ ಹೋಗ್ಲಿಲ್ಲ. ಒಂದು ವಾರ್ಡಿಗಿ ಮೂರು ಮಂದಿ ಇದ್ರ ನಾಲಿ ಸಲುವಾಗಿ ಯಾರ ಮನಿಗಿ ಹೋಗ್ಬೇಕು? ಮೂರೂ ಮಂದಿ ಮನಿಗಿ ಹೋಗು ಮಾಮಾ, ಒಬ್ರರೆ ಸಿಗ್ತಾರ ಅಂದ.

ಗೆರಿ ಎಳೆಯೋದು ಅಲ್ಲಿ ಬರೋ ಪಾಲಿಕಿ ಅಲ್ಲ, ಮಂತ್ರಿನೂ ಅಲ್ಲ. ಲೋಕಲ್ ಗವರ್ನಮೆಂಟ್ ಬೌಂಡರಿ ಕಮಿಷನ್ ಅಂತ ಅದ, 2010ರಿಂದ ಬೇರೆನೇ ಸ್ವತಂತ್ರ ಸಂಸ್ಥಾ, ಅದು ಜವಾಬು ಕೊಡೋದು ಪಾರ್ಲಿಮೆಂಟಿಗಿ. ಮೊದಲು ಎಷ್ಟು ಮಂದಿ ಕೌನ್ಸಿಲರ್ ಬೇಕು ಅಂತ ಠರಾಯಿಸ್ತಾರ, ಆಮ್ಯಾಲ ವಾರ್ಡು ಹೆಂಗಿರ್ಬೇಕು ಹೇಳ್ರಿ ಅಂತ ಊರ ಮಂದಿಗಿ ಕೇಳ್ತಾರ, ಕಚ್ಚಾ ನಕ್ಷಿ ಹಾಕ್ತಾರ, ಮತ್ತ ಕೇಳ್ತಾರ, ಆಮ್ಯಾಲ ಪಕ್ಕಾ ಮಾಡಿ ಪಾರ್ಲಿಮೆಂಟಿನ ಮುಂದ ಇಡ್ತಾರ. ನೋಡೋದು ಮೂರು ಸಂಗತಿ. ಒಬ್ಬ ಕೌನ್ಸಿಲರ್‌ಗಿ ಬರೋ ಮತದಾರರ ಲೆಕ್ಕ ಎಲ್ಲಾ ಕಡಿ ಹೆಚ್ಚುಕಮ್ಮಿ ಸಮ ಇರ್ಬೇಕು, ಆಡಳಿತಕ್ಕ ಅನುಕೂಲ ಆಗ್ಬೇಕು, ಮತ್ತ ಕೂಡಿ ಬಾಳೋ ಮಂದೀನ ಒಡೀಬಾರ್ದು. ಈ ಕೊನೀದು ನನಗ ಭಾಳ ಹಿಡಿಸ್ತು. ಕೂಡಿ ಬಾಳ್ತಾರ ಅಂತ ಹೆಂಗ ಗೊತ್ತಾಗ್ತದ? ಅದಕ್ಕೇ ಚಿಠ್ಠಿ.

ನಮ್ಮ ಅಳಿಯ ಚಿಠ್ಠಿ ಬರದಾನ್ರಿ! ಸಾಲಿಯಾಗ ರಜಾ ಚಿಠ್ಠಿ ಭೀ ನನ್ ಕಡಿಂದ ಬರಸ್ಕೊಂಡು ಹೋಗ್ತಿದ್ದ ಹುಡುಗ. ಅವನ ಮನಿ ಸ್ಟ್ರೆಟಮ್ ಹಿಲ್ ಸ್ಟೇಷನ್ ಹತ್ರ. ಮಗಳು ಯಾವ ಸಾಲಿಗಿ ಹೋಗ್ತಾಳ, ದವಾಖಾನಿ ಎಲ್ಲದ, ಕಾಯಿಪಲ್ಯಾ ಎಲ್ಲಿ ತರ್ತೀವಿ, ಯಾವ ರಸ್ತಾ ದಾಟಲಿಕ್ಕ ಮುದುಕರಿಗಿ ತ್ರಾಸು, ಇಂಥಾವೆಲ್ಲ ಬರದು ನಮ್ಮನ್ನ ಬೇರೆ ಮಾಡಬ್ಯಾಡ್ರಿ ಅಂತ ಕೇಳಿದ್ನಂತ. ನಡೀಲಿಲ್ಲ. ಈಗ ಸ್ಟ್ರೆಟಮ್ ಹಿಲ್ ಈಸ್ಟ್ ಒಂದು ವಾರ್ಡು, ಸ್ಟ್ರೆಟಮ್ ಹಿಲ್ ವೆಸ್ಟ್ ಆ್ಯಂಡ್ ಥಾರ್ನ್‌ಟನ್ ಇನ್ನೊಂದು. ಆದ್ರ ಅಲ್ಲಿ ಬಂದ ಚಿಠ್ಠಿ ಎಲ್ಲಾ ವೆಬ್‌ಸೈಟಿಗಿ ಹಾಕ್ತಾರ, ಯಾವ ಗೆರಿ ಯಾಕ ಹಿಂಗ ಎಳದೇವು ಅಂತ ರಿಪೋರ್ಟಿನ್ಯಾಗ ವಾರ್ಡ್‌ವಾರು ಬರೀತಾರ. ಸೋತ್ರೂ ಯಾಕ ಸೋತೆ ಅಂಬೋದು ತಿಳೀತು ಅಂದ. ಅಕ್ಕ ಅಡಗಿ ಮನಿಂದಲೇ, ಹಂಗಾದ್ರ ನಿನ್ ಮನಿ ಟ್ಯಾಕ್ಸ್ ಏರ್ತೇನೋ ಅಂತ ಕೂಗಿದ್ಳು. ಇಲ್ಲಬೇ, ವಾರ್ಡಿನ ಗೆರಿಗೂ ಟ್ಯಾಕ್ಸಿಗೂ ಸಂಬಂಧ ಇಲ್ಲ, ಪಿನ್‌ಕೋಡ್ ಭೀ ಬದಲಾಗಲ್ಲ ಅಂದ. ಅವಳಿಗಿ ಅಷ್ಟು ತಿಳದ್ರ ಸಾಕಿತ್ತು.

ಹೆಸರಿನ ಮಾತೂ ಬಂತು. ಕೋಲ್ಡ್‌ಹಾರ್ಬರ್ ಅಂಬೋ ಹಳೀ ವಾರ್ಡು ಹೋಗಿ ಬ್ರಿಕ್ಸ್‌ಟನ್ ವಿಂಡ್‌ರಶ್ ಅಂಬೋ ಹೆಸರು ಬಂದದ. ವಿಂಡ್‌ರಶ್ ಅಂದ್ರ 1948ರಾಗ ಕೆರಿಬಿಯನ್ ಮಂದೀನ ಇಂಗ್ಲೆಂಡಿಗಿ ಕರ್ಕೊಂಡು ಬಂದ ಹಡಗು, ಆ ಮಂದಿ ಬ್ರಿಕ್ಸ್‌ಟನ್‌ದಾಗ ಬೇರು ಬಿಟ್ಟವ್ರು. ವಾರ್ಡಿನ ಹೆಸರಿನ್ಯಾಗ ಹಡಗು! ನಮ್ಮ ಕಡಿ ಹೆಸರು ಏನೇ ಇರ್ಲಿ, ಬಾಯಾಗ ಬರೋದು ಬರೇ ನಂಬರು.

ಆದ್ರ ಎಲ್ಲಾದ್ರಾಗ ಅವ್ರೇ ಶಾಣ್ಯಾರು ಅಂತ ನಾ ಒಪ್ಪಂಗಿಲ್ಲ. ಅವ್ರು ಎಣಸೋದು ಓಟರ್ ಲಿಸ್ಟಿನ್ಯಾಗ ಇದ್ದವ್ರನ್ನಷ್ಟೇ, ಮುಂದಿನ ಐದು ವರ್ಷಕ್ಕ ಎಷ್ಟಾಗ್ತಾರ ಅಂತ ಅಂದಾಜು ಭೀ ಹಾಕ್ತಾರ ಖರೆ, ಆದ್ರ ಹೆಸರು ಹಚ್ಚದವ್ರು ಲೆಕ್ಕಕ್ಕಿಲ್ಲ, ಹುಡುಗರು ಲೆಕ್ಕಕ್ಕಿಲ್ಲ. ನಮ್ಮಲ್ಲಿ ಜನಗಣತಿ ಮ್ಯಾಲ ವಾರ್ಡು ಮಾಡ್ತಾರ, ತೊಟ್ಟಿಲದಾಗಿನ ಕೂಸು ಭೀ ಒಂದು ತಲಿನೇ, ನಾಲಿ ವಾಸನಿ ಅದಕ್ಕೂ ಬಡೀತದಲ್ಲ. ನಮ್ಮ ಫಜೀತಿ ಬೇರೆ, ಆ ಗಣತಿ 2011ರದು. ಆವಾಗ ಕಲಬುರಗಿ ಐದು ಲಕ್ಷ ದಾಟಿತ್ತು, 55 ವಾರ್ಡಿಗಿ ಹಂಚಿದ್ರ ಒಂದೊಂದಕ್ಕ ಹತ್ತು ಸಾವಿರದ ಹತ್ರ ಬರ್ತದ. ರಿಂಗ್ ರೋಡ್ ಆಚೀಕಿ ಲೇಔಟ್‌ಗಳು ಈಗ ಹೆಂಗ ಬೆಳದಾವ ನೀವೇ ನೋಡ್ರಿ. ಮತ್ತ ನಮ್ಮಲ್ಲಿ ಹೆಣ್ಣಮಕ್ಕಳಿಗಿ ಅರ್ಧ ಸೀಟು ಮೀಸಲು ಅದ, ಎಸ್ಸಿ ಎಸ್ಟಿ ಹಿಂದುಳಿದವ್ರಿಗಿ ಅದ, ಅಲ್ಲಿ ಅಂಥಾದ್ದೇನೂ ಇಲ್ಲ. ಅದಕ್ಕೇ ಇಲ್ಲಿ ಗೆರಿ ಎಲ್ಲಿ ಹೋತು ಅಂತ ಯಾರೂ ಕೇಳಲ್ಲ, ನಮ್ಮ ವಾರ್ಡಿಗಿ ಯಾವ ರಿಸರ್ವೇಷನ್ ಬಂತು ಅಂತಷ್ಟೇ ಕೇಳೋದು.

ನಾ ಭೀ ಕೇಳಿದ್ದು ಅಷ್ಟೇ. ಸೆಪ್ಟೆಂಬರ್ 2021ರಾಗ ನಮ್ಮ ಪಾಲಿಕಿ ಎಲೆಕ್ಷನ್ ಆದಾಗ ಬೂತಿಗಿ ಹೋದ್ರ ಎದುರಿನ ಸಾಲಿನ ಒಬ್ರೂ ಕಾಣಲಿಲ್ಲ, ಆವಾಗ ಗೆರಿ ನಮ್ಮ ನಡು ಬಂದದ ಅಂತ ಗೊತ್ತಾತು. ಗೊತ್ತಾದ ಮ್ಯಾಲ ಚಹಾ ಅಂಗಡಿ ಕಟ್ಟಿ ಮ್ಯಾಲ ಕುಂತು ಎಲ್ಲಾರೂ ಬೈದೀವಿ, ನಾ ಎಲ್ಲಾರಕಿಂತ ಜೋರು. ಅಳಿಯ ಮೆತ್ತಗ ಕೇಳ್ದ, ಮಾಮಾ, ನಿಮ್ಮಲ್ಲಿ ಭೀ ಕರಡು ಹೊರಡಸ್ತಾರಲ್ಲ, ಆಕ್ಷೇಪಣಾ ಕೊಡ್ರಿ ಅಂತಾರಲ್ಲ, ಈ ಓಣಿಂದ ಎಷ್ಟು ಅರ್ಜಿ ಹೋಗಿದ್ವು?

ಒಂದೂ ಇಲ್ಲ. ಆ ಕರಡಿನ್ಯಾಗ ವಾರ್ಡಿನ ಚಕ್ಕುಬಂದಿ ಅಂತ ಬರದಿರ್ತಾರ, ಉತ್ತರಕ್ಕ ಇಂಥ ರಸ್ತಾ, ಪೂರ್ವಕ್ಕ ಇಂಥವ್ರ ಮನಿ, ಹೊಲದ ಖರೀದಿ ಕಾಗದ ಇದ್ದಂಗ. ಹೊಲದ್ದಾದ್ರ ನಾಕು ಸಲ ಓದ್ತೀವಿ, ಬದುವಿನ ಒಂದು ಗೇಣಿಗಿ ಕೋರ್ಟ್ ಹತ್ತೀವಿ. ಇದನ್ನ ಯಾರೂ ಓದಿದ್ದಿಲ್ಲ, ನಾನೂ ಓದಿದ್ದಿಲ್ಲ.

ಅವ ಹೋದ ಮ್ಯಾಲ ಓಣಿ ವಾಟ್ಸಾಪ್ ಗ್ರೂಪಿನ್ಯಾಗ ಹಾಕ್ದೆ, ಮುಂದಿನ ಸಲ ವಾರ್ಡು ಮಾಡುವಾಗ ಎರಡೂ ಸಾಲು ಕೂಡಿ ಒಂದು ಅರ್ಜಿ ಬರೀಮು, ಮುದ್ದಾಂ ಸಹಿ ಮಾಡ್ರಿ ಅಂತ. ಎರಡು ಥಂಬ್ಸ್ ಅಪ್ ಬಂದ್ವು, ಒಂದು ಗುಡ್ ಮಾರ್ನಿಂಗ್ ಗುಲಾಬಿ ಹೂ ಬಂತು. ರಾತ್ರಿ ಎದುರಿನ ಸಾಲಿನ ಕಾಕಾ ಒಬ್ರೇ ಫೋನ್ ಹಚ್ಚಿ ಕೇಳಿದ್ರು, ಅರ್ಜಿ ಮ್ಯಾಲ ಯಾವ ವಾರ್ಡ್ ನಂಬರ್ ಬರೀಬೇಕೋ ತಮ್ಮಾ, ನಿಮ್ಮದೋ ನಮ್ಮದೋ?