ಫ್ರೀಜರ್ ಕೆಟ್ಟಾಗ ಪ್ರೈಮರ್‌ಗಳಿಗೆ ಆಗಿದ್ದೇನು?

ಸೋಮವಾರ ಬೆಳಿಗ್ಗೆ ಲ್ಯಾಬಿಗೆ ಬಂದರೆ ಮೈನಸ್ 20 ಡಿಗ್ರಿಯ ಫ್ರೀಜರ್ ಕೈಕೊಟ್ಟಿತ್ತು. ಐಸ್ ಕರಗಿ ಪ್ರೈಮರ್ ಡಬ್ಬಿಗಳೊಳಗೆ ನೀರು ನಿಂತಿತ್ತು. ಪ್ರೈಮರ್ ಅಂದರೆ ಪಿಸಿಆರ್‌ನಲ್ಲಿ, ಅಂದರೆ ಡಿಎನ್‌ಎ ನಕಲು ತೆಗೆಯುವ ವಿಧಾನದಲ್ಲಿ, ನಕಲು ಎಲ್ಲಿಂದ ಶುರುವಾಗಬೇಕೆಂದು ತೋರಿಸುವ ಪುಟ್ಟ ಡಿಎನ್‌ಎ ತುಣುಕು. ತಂಪು ತಪ್ಪಿದರೆ ಕೆಡುವ ಎನ್‌ಜೈಮ್‌ಗಳ ಆಸೆಯನ್ನು ಅಲ್ಲೇ ಬಿಟ್ಟೆವು. "ಮೇಡಂ, ಪ್ರೈಮರ್‌ಗಳನ್ನೂ ಬಿಸಾಡೋದಾ?" ಅಂತ ಜೂನಿಯರ್ ಹುಡುಗಿ ಕೇಳಿದಳು. "ಸ್ವಲ್ಪ ತಡಿಯಮ್ಮಾ" ಅಂದೆ.

ಅವಳ ಗಾಬರಿಗೆ ಅರ್ಥವಿದೆ. ಆದರೆ ಪ್ರೈಮರ್ ನಮ್ಮ ಕೈ ಸೇರುವುದೇ ಐಸ್ ಇಲ್ಲದ ಕೊರಿಯರ್‌ನಲ್ಲಿ, ಒಣಗಿಸಿದ ಡಿಎನ್‌ಎ ಆಗಿ. ಟ್ಯೂಬಿನ ತಳದಲ್ಲಿ ಏನೂ ಇಲ್ಲವೇನೋ ಅನಿಸುವಷ್ಟು ತೆಳು ಪೊರೆ. ಹಾಗೆ ಒಣಗಿದ್ದರೆ ಕೋಣೆಯ ಬಿಸಿಗೆ ವಾರಗಟ್ಟಲೆ ಜಗ್ಗುವುದಿಲ್ಲ. ಕರಗಿಸಿದ ಮೇಲೆ ಯಾವುದರಲ್ಲಿ ಕರಗಿಸಿದ್ದೇವೆ ಅನ್ನುವುದೇ ಮುಖ್ಯ.

ನಮ್ಮಲ್ಲಿ ಹೆಚ್ಚಿನವು ಟಿಇ ಬಫರ್‌ನಲ್ಲಿದ್ದವು, ಅಂದರೆ ಟ್ರಿಸ್ ಮತ್ತು ಇಡಿಟಿಎ ಎಂಬ ರಾಸಾಯನಿಕಗಳಿರುವ ದ್ರಾವಣದಲ್ಲಿ. ಅದರಲ್ಲಿರುವ ಟ್ರಿಸ್ ಪಿಎಚ್ ಅನ್ನು 8ರ ಹತ್ತಿರ ಹಿಡಿದಿಡುತ್ತದೆ. ಇಡಿಟಿಎ ಮೆಗ್ನೀಸಿಯಂ ಅನ್ನು ಕಟ್ಟಿಹಾಕುತ್ತದೆ. ಡಿಎನ್‌ಎ ತಿನ್ನುವ ಎನ್‌ಜೈಮ್‌ಗಳಲ್ಲಿ ಬಹುಪಾಲಿಗೆ ಆ ಮೆಗ್ನೀಸಿಯಂ ಬೇಕು, ಸಿಗದಿದ್ದರೆ ಕೈಕಟ್ಟಿ ಕೂರುತ್ತವೆ. ಬರೀ ನೀರಿಗೆ ಈ ಕಾವಲಿಲ್ಲ. ಗಾಳಿಯ ಕಾರ್ಬನ್ ಡೈ ಆಕ್ಸೈಡ್ ಸೇರಿ ನೀರು ಕೊಂಚ ಆಮ್ಲೀಯವಾಗುತ್ತದೆ. ಆಗ ಡಿಎನ್‌ಎಯ ಅಕ್ಷರಗಳಂತಿರುವ ಬೇಸ್‌ಗಳಲ್ಲಿ ಎ, ಜಿ ನಿಧಾನಕ್ಕೆ ಕಳಚಿ, ಎಳೆ ಅಲ್ಲೇ ತುಂಡಾಗುತ್ತದೆ. ಇದೇನೂ ಎರಡು ದಿನದಲ್ಲಿ ಆಗುವ ಕೆಲಸವಲ್ಲ, ಬಿಡಿ.

ಪ್ರೋಬ್‌ಗಳನ್ನು, ಅಂದರೆ ಬಣ್ಣ ಕಟ್ಟಿದ ಡಿಎನ್‌ಎ ತುಣುಕುಗಳನ್ನು, ಮಾತ್ರ ಮೊದಲು ಫಾಯಿಲ್‌ನಲ್ಲಿ ಸುತ್ತಿಟ್ಟೆ. ಅವುಗಳಿಗೆ ಬೆಳಕು ಆಗಿಬರಲ್ಲ. ಉಳಿದವುಗಳಲ್ಲಿ ದಿನಾ ಬಳಸುವ ಜೋಡಿಗಳನ್ನು ಆರಿಸಿ, ಚೆನ್ನಾಗಿ ಕಲಕಿ, ಸ್ಪಿನ್ ಮಾಡಿ, ಪಿಸಿಆರ್‌ಗೆ ಹಾಕಿದೆವು. ಸಂಜೆ ಜೆಲ್ ನೋಡಿದರೆ ಬ್ಯಾಂಡ್‌ಗಳೆಲ್ಲ, ಅಂದರೆ ನಕಲಾದ ಡಿಎನ್‌ಎ ಮೂಡಿಸುವ ಪಟ್ಟೆಗಳೆಲ್ಲ, ಎಂದಿನಂತೆ ದಪ್ಪಗೆ. ನೀರಿನಲ್ಲಿ ಕರಗಿಸಿಟ್ಟಿದ್ದ ಹಳೇ ಜೋಡಿಯೊಂದು ಮಾತ್ರ ಮಸುಕಾಗಿತ್ತು. ಅದು ಫ್ರೀಜರ್ ಕೆಡುವ ಮೊದಲೂ ಹಾಗೇ ಬರ್ತಿತ್ತು, ಪಾಪ ಫ್ರೀಜರನ್ನು ಬೈದು ಪ್ರಯೋಜನವಿಲ್ಲ.

ನಿಜವಾದ ನಷ್ಟ ಆಗಿದ್ದು ಮುಚ್ಚಳಗಳ ಮೇಲೆ. ಕರಗಿದ ನೀರಿಗೆ ಮಾರ್ಕರ್ ಇಂಕ್ ಹರಡಿ, ಜೋಡಿಯಲ್ಲಿ ಎಫ್ (ಫಾರ್ವರ್ಡ್) ಯಾವುದು, ಆರ್ (ರಿವರ್ಸ್) ಯಾವುದು ಗೊತ್ತಾಗದ ಹಾಗೆ ಕಲೆಗಟ್ಟಿತ್ತು. ಒಳಗಿನ ಡಿಎನ್‌ಎ ಗಟ್ಟಿಮುಟ್ಟಾಗಿದೆ, ಅದರ ಹೆಸರೇ ಇಲ್ಲ! ಅದೇನೆಂದು ಪತ್ತೆಹಚ್ಚುವ ಖರ್ಚಿಗಿಂತ ಹೊಸದು ತರಿಸುವುದೇ ಅಗ್ಗ. ಓದಲಾಗದ ಟ್ಯೂಬ್‌ಗಳನ್ನೆಲ್ಲ ಬಿಸಾಡಿ, ಪ್ರೈಮರ್‌ಗಳ ಬೇಸ್ ಕ್ರಮ ಬರೆದಿಟ್ಟ ಸೀಕ್ವೆನ್ಸ್ ಪಟ್ಟಿ ತೆಗೆದು ಮತ್ತೆ ಆರ್ಡರ್ ಮಾಡಿದೆವು. ಹೊಸವು ಬಂದಾಗ ಆ ಹುಡುಗಿಯೇ ಮುಂದೆ ನಿಂತು ಪ್ರತಿ ಟ್ಯೂಬಿನ ಮೈಗೂ ಪ್ರಿಂಟ್ ಮಾಡಿದ ಲೇಬಲ್ ಅಂಟಿಸಿದಳು.